ಮಳೆ ಹೋಗುವ ಹೊತ್ತಿನ ಎಚ್ಚರ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಕೂಟದಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ಯಾವ ವಿಷಯವೆಂದು ಕೇಳಿದೆ. "ಊರ ಸುದ್ದಿ ಹೇಳಿರಿ, ಸಾಕು" ಎಂದರು. ನಮ್ಮಲ್ಲಿ ಊರ ಸುದ್ದಿ ಎಂದರೆ ಧಾರವಾಡದ್ದೋ, ಉಡುಪಿಯದೋ, ಕಲಬುರಗಿಯದೋ ಸುದ್ದಿ ಎಂದೇ ಅರ್ಥ. ಇಪ್ಪತ್ತು ವರ್ಷ ಇಲ್ಲಿ ದುಡಿದವನೂ ಮುಂಬಯಿಯನ್ನು ಊರು ಎನ್ನುವುದಿಲ್ಲ. "ಇಲ್ಲಿ" ಎಂದಷ್ಟೇ ಹೇಳುತ್ತಾನೆ. ಆದರೆ ಕಾರ್ಯದರ್ಶಿಗಳು ಕೇಳಿದ್ದು ಈ ಊರಿನ ಸುದ್ದಿಯನ್ನು. ಮಳೆ ಮುಗಿಯುತ್ತ ಬಂದು ನವರಾತ್ರಿ ಹತ್ತಿರವಾಗುವ ಈ ದಿನಗಳಲ್ಲಿ ಮುಂಬಯಿಯಲ್ಲಿ ಏನು ನಡೆಯುತ್ತದೆ, ನಮ್ಮಂಥ ದುಡಿಯುವ ಜನಕ್ಕೆ ಯಾವ ಯಾವ ಸೌಕರ್ಯಗಳು ಉಂಟು, ಅವನ್ನು ಪಡೆಯುವುದು ಹೇಗೆ ಎಂಬುದನ್ನು ನನಗೆ ತಿಳಿದಷ್ಟು ಅರಿಕೆ ಮಾಡಿಕೊಳ್ಳುತ್ತೇನೆ. ನಾನು ವೈದ್ಯನಲ್ಲ, ಅಧಿಕಾರಿಯೂ ಅಲ್ಲ. ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿ ನಿವೃತ್ತನಾದವನು. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನಮ್ಮ ಹಳ್ಳಿಗಳ ಲೆಕ್ಕದಲ್ಲಿ ಈಗ ಉತ್ತರೆ ಮಳೆಯ ಕಾಲ. ಹಸ್ತ ಬರುವುದಿದೆ, ಅದರ ಹಿಂದೆ ಚಿತ್ತೆ ಇದೆ. ಹವಾಮಾನ ಇಲಾಖೆಯವರು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ನೈಋತ್ಯ ಮಳೆಗಾಳಿ ಮುಂಬಯಿಯಿಂದ ಹಿಂದೆಗೆಯುವ ಸರಾಸರಿ ದಿನ ಅಕ್ಟೋಬರ್ 8. ಅಂದಮೇಲೆ ಸೆಪ್ಟೆಂಬರ್ ತಿಂಗಳು ಇಲ್ಲಿ ಪೂರಾ ಮಳೆಗಾಲವೇ. ನಾವಾದರೋ ಗಣಪತಿಯನ್ನು ಕಳುಹಿಸಿದೊಡನೆ ಕೊಡೆಯನ್ನು ಅಟ್ಟದ ಮೇಲೆ ಎಸೆಯುತ್ತೇವೆ, ಗಂಬೂಟನ್ನು ಮಂಚದ ಕೆಳಗೆ ತಳ್ಳುತ್ತೇವೆ. 2017ರ ಸೆಪ್ಟೆಂಬರ್ 19 ಮತ್ತು 20ರ ನಡುವಣ ಒಂದು ಹಗಲು ರಾತ್ರಿಯಲ್ಲಿ ಸಾಂತಾಕ್ರೂಜ್ ವೇಧಶಾಲೆಯಲ್ಲಿ 300 ಮಿಲಿಮೀಟರಿಗೂ ಹೆಚ್ಚು ಮಳೆಯಾಯಿತು. 2020ರ ಸೆಪ್ಟೆಂಬರ್ 22-23ರಂದು ಅಲ್ಲಿಯೇ 280 ಮಿಲಿಮೀಟರಿಗೂ ಮೀರಿ ಸುರಿಯಿತು. 2005ರ ಜುಲೈ 26ರ 944 ಮಿಲಿಮೀಟರನ್ನು ಮಾತ್ರ ಎಲ್ಲರೂ ನೆನೆಯುತ್ತಾರೆ. ಸೆಪ್ಟೆಂಬರಿನ ಮಳೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆ ಹೋಗುವ ಹೊತ್ತಿನಲ್ಲಿಯೇ ನಾವು ಮೈಮರೆಯುತ್ತೇವೆ. ಅದರಿಂದ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳದೆ ಮುಂದಿನ ಮಾತಿಗೆ ಹೋಗಲಾರೆ.

2017ರಲ್ಲಿ ನಮ್ಮ ಚಾಳಿನ ಖೋಲಿಯಲ್ಲಿ ನಾವು ಐದು ಜನ ಇದ್ದೆವು. ಅವರಲ್ಲಿ ಬಾಗಲಕೋಟೆಯ ಕಡೆಯ ಹುಡುಗನೊಬ್ಬ, ವಯಸ್ಸು ಇಪ್ಪತ್ತೆರಡು. ಒಂದು ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ. ಮಳೆಗಾಲವೆಲ್ಲ ಒದ್ದೆಯಲ್ಲಿ ನಿಂತು ಅವನ ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣಾಗಿತ್ತು. ಸೆಪ್ಟೆಂಬರ್ 19ರ ಸಂಜೆ ಗಾಡಿಗಳು ನಿಂತವು. ಅವನು ಮೊಣಕಾಲುದ್ದ ನೀರಿನಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಎರಡು ತಾಸು ನಡೆದು ಖೋಲಿಗೆ ಬಂದ. ನಾವೆಲ್ಲ ನಕ್ಕು ಮಾತಾಡಿ ಚಹ ಕುಡಿದು ಮಲಗಿದೆವು. ಆ ವರ್ಷ ವಿಜಯದಶಮಿ ಸೆಪ್ಟೆಂಬರ್ 30ಕ್ಕೆ ಇತ್ತು. ಬನ್ನಿ ಕೊಡುವ ಹೊತ್ತಿಗೆ ಊರಲ್ಲಿರಬೇಕೆಂದು 28ಕ್ಕೆ ಟಿಕೀಟು ತೆಗೆದಿಟ್ಟಿದ್ದ. 27ಕ್ಕೆ ಜ್ವರ ಬಂತು. ತಲೆನೋವು, ಮೀನಖಂಡದಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪು. ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗಿದ. ದವಾಖಾನೆಗೆ ಹೋಗೋಣ ನಡೆ ಎಂದು ನಾನು ಒಂದು ಸಲ ಅಂದೆ. "ಅಲ್ಲಿ ಇಲ್ಲಿನ ರೇಷನ್ ಕಾರ್ಡ್ ಕೇಳ್ತಾರ. ನನಗ ಮರಾಠಿ ಬರೂದಿಲ್ಲ. ಒಂದು ದಿನದ ಪಗಾರ ಹೋಗತೈತಿ. ಊರಿಗೆ ಹೋದ್ರ ಆರಾಮ ಆಗತೈತಿ ಬಿಡ್ರಿ ಕಾಕಾ" ಎಂದ. ನಾನೂ ಸುಮ್ಮನಾದೆ.

28ರಂದು ಅವನಿಗೆ ಏಳಲಾಗಲಿಲ್ಲ. ಟಿಕೀಟು ಹಾಗೆಯೇ ಹೋಯಿತು. ಅಕ್ಟೋಬರ್ 1ರ ಬೆಳಿಗ್ಗೆ ಕಣ್ಣು ಅರಿಸಿನದಂತಾಗಿತ್ತು, ಮೂತ್ರ ನಿಂತಿತ್ತು. ದೊಡ್ಡ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅಲ್ಲಿಯವರು ತಮ್ಮಿಂದಾದುದನ್ನೆಲ್ಲ ಮಾಡಿದರು. "ನೀರಿನಲ್ಲಿ ನಡೆದಿದ್ದನೇ?" ಎಂದು ಅಲ್ಲಿಯ ತರುಣ ಡಾಕ್ಟರರು ಕೇಳಿದ ಮೊದಲ ಪ್ರಶ್ನೆ. ಹೌದೆಂದೆವು. "ನಾಲ್ಕು ದಿನ ಮುಂಚೆ ತರಬೇಕಾಗಿತ್ತು" ಎಂದರು. ಅಕ್ಟೋಬರ್ 3ರಂದು ಹುಡುಗ ತೀರಿಕೊಂಡ. ಅವನ ಟ್ರಂಕಿನಲ್ಲಿ ತಾಯಿಗೆಂದು ಕೊಂಡ ಇಳಕಲ್ ಸೀರೆಯೊಂದಿತ್ತು. ಇಳಕಲ್ಲಿನ ಪಕ್ಕದ ಊರಿನವನು ಮುಂಬಯಿಯಲ್ಲಿ ಇಳಕಲ್ ಸೀರೆ ಕೊಂಡನಲ್ಲ ಎಂದು ಅವನ ಅಣ್ಣ ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಬಂಧುಗಳೇ, ನನ್ನ ತಪ್ಪನ್ನು ನಾನೇ ಹೇಳಿಕೊಳ್ಳಬೇಕು. ಮಳೆಯಾದ ಎರಡನೆಯ ದಿನ ಇದೇ ವಾಚನಾಲಯದ ಈ ಮೇಜಿನ ಬಳಿ ಕುಳಿತು ಪತ್ರಿಕೆ ಓದಿದ್ದೆ. ನಿಂತ ನೀರಿನಲ್ಲಿ ನಡೆದವರು ಮೂರು ದಿನಗಳೊಳಗೆ ಪಾಲಿಕೆಯ ದವಾಖಾನೆಗೆ ಹೋಗಿ ಮುಂಜಾಗ್ರತೆಯ ಗುಳಿಗೆ ತೆಗೆದುಕೊಳ್ಳಬೇಕೆಂಬ ನಾಲ್ಕು ಸಾಲಿನ ಸೂಚನೆ ಅದರಲ್ಲಿತ್ತು. ಓದಿದೆ, ಪುಟ ತಿರುವಿದೆ. ಹುಡುಗನಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ; ಅವನಿಗೆ ವಾಚನಾಲಯಕ್ಕೆ ಬರಲು ಪುರುಸೊತ್ತೂ ಇರಲಿಲ್ಲ. ಓದಿದವನು ನಾನು, ನೀರಿನಲ್ಲಿ ನಡೆದವನು ಅವನು. ಇಬ್ಬರ ಹಾಸಿಗೆಯ ನಡುವೆ ಒಂದು ಮೊಳದ ಅಂತರ. ಆ ಸುದ್ದಿ ಆ ಒಂದು ಮೊಳವನ್ನು ದಾಟಲಿಲ್ಲ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಇದೊಂದೇ: ಈ ಊರಿನಲ್ಲಿ ಸೌಕರ್ಯಗಳುಂಟು, ಅವು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ತಿಳಿದವನು ತಿಳಿಯದವನಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು.

ಆ ಜ್ವರದ ಹೆಸರು ಲೆಪ್ಟೋಸ್ಪೈರೋಸಿಸ್. ನಮ್ಮ ಕಡೆ ಇಲಿಜ್ವರ ಎನ್ನುತ್ತಾರೆ. ಇಲಿ, ನಾಯಿ, ದನಗಳ ಮೂತ್ರದಲ್ಲಿರುವ ಸೂಕ್ಷ್ಮಜೀವಿ ನಿಂತ ನೀರಿಗೆ ಸೇರಿ, ಕಾಲಿನ ಗಾಯ, ಒಡಕು, ಕೆಸರುಹುಣ್ಣುಗಳ ಮೂಲಕ ಮೈಯನ್ನು ಹೊಗುತ್ತದೆ. ಜ್ವರ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಕಾಣಿಸುತ್ತದೆ. ಆ ಹೊತ್ತಿಗೆ ನಾವು ಮಳೆಯನ್ನೇ ಮರೆತಿರುತ್ತೇವೆ. ಆದ್ದರಿಂದ ನೀರಿನಲ್ಲಿ ನಡೆದು ಬಂದವರು ಕಾಲನ್ನು ಸಾಬೂನು ಹಚ್ಚಿ ತೊಳೆದು ಒರೆಸಿಕೊಳ್ಳಬೇಕು. 72 ಗಂಟೆಗಳೊಳಗೆ ಪಾಲಿಕೆಯ ದವಾಖಾನೆಗೆ ಹೋಗಬೇಕು. ಕಾಲಿನಲ್ಲಿ ಗಾಯವಿದೆಯೇ, ಎಷ್ಟು ಹೊತ್ತು ನೀರಿನಲ್ಲಿ ಇದ್ದಿರಿ ಎಂದು ವಿಚಾರಿಸಿ ಡಾಕ್ಟರರು ಡಾಕ್ಸಿಸೈಕ್ಲಿನ್ ಎಂಬ ಗುಳಿಗೆ ಕೊಡುವರು. ಇದನ್ನು ಅಂಗಡಿಯಿಂದ ತಾವೇ ಕೊಂಡು ನುಂಗಬಾರದು. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಬೇರೆ ಔಷಧ ಬೇಕಾಗುತ್ತದೆ. ಜ್ವರವೇ ಬಂದುಬಿಟ್ಟರೆ, ನೀರಿನಲ್ಲಿ ನಡೆದದ್ದನ್ನು ಡಾಕ್ಟರರು ಕೇಳುವ ಮೊದಲೇ ನಾವು ಹೇಳಬೇಕು. ಮೊದಲ ದಿನಗಳಲ್ಲಿ ಸಿಕ್ಕಿದರೆ ಇದು ಗುಣವಾಗುವ ಕಾಯಿಲೆ. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು ಕಂಡರೆ ಒಂದು ಗಂಟೆಯೂ ತಡಮಾಡಲಾಗದು. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಪುಕ್ಕಟೆ ಬರುತ್ತದೆ.

ಆ ಹುಡುಗ ಹೇಳಿದ ಮೂರು ಕಾರಣಗಳಿಗೂ ಇಂದು ಉತ್ತರ ಕೊಡುತ್ತೇನೆ. ಅವನಿಗೆ ಕೊಡಲಾಗದ್ದನ್ನು ನಿಮಗಾದರೂ ಕೊಡುವೆ.

ಮೊದಲನೆಯದು ರೇಷನ್ ಕಾರ್ಡು. ಜ್ವರ ಬಂದವನ ಊರು ಯಾವುದೆಂದು ನೋಡಿ ಔಷಧ ಕೊಡುವ ಪದ್ಧತಿ ಪಾಲಿಕೆಯ ದವಾಖಾನೆಯಲ್ಲಿಲ್ಲ. ಹೆಸರು, ವಯಸ್ಸು, ಇರುವ ಸ್ಥಳ ಹೇಳಿದರೆ ಕೇಸ್ ಪೇಪರು ಮಾಡುತ್ತಾರೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು; ಮುಂದೆ ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಅದೇ ನಮ್ಮ ಗುರುತು. ಪರಳಿನ ಕೆ.ಇ.ಎಂ., ಸಾಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ವಿಲೆ ಪಾರ್ಲೆಯ ಕೂಪರ್, ಇವು ನಾಲ್ಕೂ ಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಚಿಂಚಪೋಕಳಿಯ ಕಸ್ತೂರಬಾ ಆಸ್ಪತ್ರೆ ಅಂಟುರೋಗಗಳಿಗೆಂದೇ ಇದೆ.

ಎರಡನೆಯದು ಭಾಷೆ. ಇದೊಂದು ವಾಕ್ಯ ಬಾಯಿಪಾಠ ಮಾಡಿರಿ: "ಮಲಾ ತಾಪ್ ಆಹೇ. ಮೀ ಪಾವಸಾಚ್ಯಾ ಪಾಣ್ಯಾತೂನ್ ಚಾಲಲೋ ಹೋತೋ." ನನಗೆ ಜ್ವರ ಇದೆ, ನಾನು ಮಳೆ ನೀರಿನಲ್ಲಿ ನಡೆದಿದ್ದೆ ಎಂದು ಇದರ ಅರ್ಥ. ಹೆಣ್ಣುಮಕ್ಕಳು "ಚಾಲಲೇ ಹೋತೇ" ಎನ್ನಬೇಕು. ಉಳಿದದ್ದನ್ನು ಡಾಕ್ಟರರು ಕೈಸನ್ನೆಯಿಂದಲಾದರೂ ಕೇಳಿಕೊಳ್ಳುವರು. ಈ ಊರಿನ ಅನ್ನ ಉಣ್ಣುವವರು ಈ ಊರಿನ ನುಡಿಯನ್ನು ನಾಲ್ಕು ಮಾತಾದರೂ ಕಲಿಯುವುದು ಮರ್ಯಾದೆಯೂ ಹೌದು, ಅನುಕೂಲವೂ ಹೌದು. ಅದರಿಂದ ಕನ್ನಡಕ್ಕೆ ಯಾವ ಕುಂದೂ ಬಾರದು.

ಮೂರನೆಯದು ಪಗಾರ. ಹಳೆಯ ದವಾಖಾನೆಗಳು ಹಗಲು ಹೊತ್ತಿನವು. ದಿನಗೂಲಿಯವನಿಗೆ ಅದು ಕಷ್ಟವೆಂಬುದು ನಿಜ. 2022ರ ನವೆಂಬರಿನಿಂದ ಪಾಲಿಕೆಯವರು "ಆಪ್ಲಾ ದವಾಖಾನಾ" ಎಂಬ ಸಣ್ಣ ದವಾಖಾನೆಗಳನ್ನು ಆರಂಭಿಸಿದರು. ಇವು ಸಂಜೆ, ರಾತ್ರಿಯ ಮೊದಲ ಹೊತ್ತಿನಲ್ಲಿಯೂ ನಡೆಯುವಂತೆ ಏರ್ಪಾಡಾದವು, ಕೆಲಸದಿಂದ ಬಂದವನಿಗೂ ಸಿಗಲೆಂದು. ನಿಮ್ಮ ಖೋಲಿಗೆ ಹತ್ತಿರದ್ದು ಎಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದನ್ನು ಮೈಯಲ್ಲಿ ಆರೋಗ್ಯವಿರುವಾಗಲೇ ಒಂದು ಸಲ ನೋಡಿಕೊಂಡು ಬನ್ನಿರಿ. ಜ್ವರ ಬಂದ ಮೇಲೆ ದಾರಿ ಹುಡುಕುವುದು ಬುದ್ಧಿವಂತಿಕೆಯಲ್ಲ.

ಇಲಿಗೂ ಈ ಊರಿಗೂ ಹಳೆಯ ಲೆಕ್ಕವಿದೆ. 1896ರಲ್ಲಿ, ಇದೇ ಸೆಪ್ಟೆಂಬರ್ ತಿಂಗಳಲ್ಲಿ, ಮಾಂಡವಿಯ ಕಾಳಿನ ಗೋದಾಮುಗಳ ನಡುವೆ ಜನ ಗಡ್ಡೆಕಟ್ಟಿ ಜ್ವರದಿಂದ ಸಾಯತೊಡಗಿದರು. ಡಾಕ್ಟರ್ ಅಕಾಸಿಯೊ ವಿಯೆಗಾಸ್ ಎಂಬ ಗೋವೆಯ ಮೂಲದ ವೈದ್ಯರು ಇದು ಪ್ಲೇಗು ಎಂದು ಮೊದಲು ಗುರುತಿಸಿದರು. ಹೆದರಿದ ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಊರು ಬಿಟ್ಟು ಹಳ್ಳಿಗಳಿಗೆ ಓಡಿದರು. ಕಾಯಿಲೆಯೂ ಅವರೊಡನೆ ರೈಲು ಹತ್ತಿತು. ಹುಬ್ಬಳ್ಳಿ ಧಾರವಾಡಗಳನ್ನು ಹಾಯ್ದು 1898ರ ಆಗಸ್ಟಿನಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ನಮ್ಮ ನಾಡಿನಲ್ಲಿ ಇಂದಿಗೂ ಕಾಣುವ ಪ್ಲೇಗಿನಮ್ಮನ ಗುಡಿಗಳು ಆ ಭಯದ ಗುರುತುಗಳು. ಮುಂಬಯಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಲಸಿಕೆಯನ್ನು ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಪರಳಿನ ಸಂಸ್ಥೆಗೆ ಅವನ ಹೆಸರೇ ಇದೆ. 1898ರಲ್ಲಿ ಏರ್ಪಟ್ಟ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಗಾಳಿ ಬೆಳಕಿಲ್ಲದ ಗಲ್ಲಿಗಳನ್ನು ಒಡೆದು ಹೊಸ ರಸ್ತೆ, ಹೊಸ ಬಡಾವಣೆಗಳನ್ನು ಮಾಡಿದರು. ನಮ್ಮವರು ಬಹಳವಾಗಿ ನೆಲಸಿದ ದಾದರ್, ಮಾಟುಂಗಗಳು ಹಾಗೆ ಹುಟ್ಟಿದ ಬಡಾವಣೆಗಳೇ. ಮೈಯಲ್ಲಿ ಜ್ವರವಿಟ್ಟುಕೊಂಡು ಊರಿನ ಗಾಡಿ ಹತ್ತುವುದು ನೂರಿಪ್ಪತ್ತು ವರ್ಷಗಳ ಹಿಂದೆಯೂ ಪರಿಹಾರವಾಗಿರಲಿಲ್ಲ, ಈಗಲೂ ಅಲ್ಲ. ಮೊದಲು ರಕ್ತಪರೀಕ್ಷೆ, ಆಮೇಲೆ ರೈಲು.

ಇನ್ನು ನೀರಿನ ಸುದ್ದಿ. ಮುಂಬಯಿಗೆ ನೀರು ಕೊಡುವ ಕೆರೆಗಳು ಏಳು: ವಿಹಾರ, ತುಳಸಿ, ತಾನ್ಸಾ, ಮೋದಕ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ, ಭಾತ್ಸಾ. ವಿಹಾರ ಮತ್ತು ತುಳಸಿ ನಗರದ ಎಲ್ಲೆಯೊಳಗೇ ಇವೆ. ಉಳಿದವು ದೂರದ ಠಾಣೆ, ಪಾಲಘರ, ನಾಸಿಕಗಳ ಕಡೆ. ಏಳೂ ತುಂಬಿದರೆ ಸುಮಾರು 14 ಲಕ್ಷ 47 ಸಾವಿರ ದಶಲಕ್ಷ ಲೀಟರ್. ದಿನದ ಪೂರೈಕೆ ಸುಮಾರು 3,900 ದಶಲಕ್ಷ ಲೀಟರ್. ಭಾಗಿಸಿ ನೋಡಿದರೆ ಸರಿಯಾಗಿ ಒಂದು ವರ್ಷದ ಸಂಸಾರ. ಆದಕಾರಣವೇ ಅಕ್ಟೋಬರ್ 1ರ ದಿನ ಕೆರೆಗಳಲ್ಲಿ ಎಷ್ಟಿದೆ ಎಂಬ ಲೆಕ್ಕವನ್ನು ನೋಡಿ, ಮುಂದಿನ ಮಳೆಗಾಲದ ತನಕ ನೀರು ಕಡಿತ ಬೇಕೋ ಬೇಡವೋ ಎಂಬುದನ್ನು ಪಾಲಿಕೆಯವರು ಯೋಚಿಸುತ್ತಾರೆ. ತಿಂಗಳ ಮೊದಲ ದಿನ ಪಗಾರ ಎಣಿಸಿ ಮನೆ ಖರ್ಚು ಹಾಕುವ ನಮಗೆ ಈ ಲೆಕ್ಕ ಹೊಸದಲ್ಲ. ಆ ದಿನದ ಪತ್ರಿಕೆಯಲ್ಲಿ ಈ ಅಂಕಿಯನ್ನು ನೋಡಿರಿ; ಬೇಸಗೆಯ ನಿಮ್ಮ ಬಿಂದಿಗೆಯ ಭವಿಷ್ಯ ಅದರಲ್ಲಿದೆ.

ಆದರೆ ಕೆರೆ ತುಂಬಿದರೂ ನಮ್ಮ ನಳದಲ್ಲಿ ನೀರು ಬರುವುದು ದಿನಕ್ಕೆ ಕೆಲವೇ ತಾಸು. ಆದ್ದರಿಂದ ಡ್ರಮ್ಮು, ಬಾಲ್ದಿ, ಪೀಪಾಯಿಗಳಲ್ಲಿ ತುಂಬಿಡುತ್ತೇವೆ. ಡೆಂಗೀ ಹರಡುವ ಸೊಳ್ಳೆ ಗಟಾರದ್ದಲ್ಲ. ನಾವು ತುಂಬಿಟ್ಟ ಈ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ, ಹಗಲು ಹೊತ್ತು ಕಚ್ಚುತ್ತದೆ. ಮಲೇರಿಯದ ಸೊಳ್ಳೆ ಮಹಡಿಯ ಮೇಲಿನ ಟಾಕಿಯಲ್ಲಿ, ಬಾವಿಯಲ್ಲಿ ಬೆಳೆದು ರಾತ್ರಿ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಎಂಟು ಹತ್ತು ದಿನ ಬೇಕು. ವಾರಕ್ಕೊಂದು ದಿನ ಡ್ರಮ್ಮನ್ನು ಪೂರಾ ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ ತೊಳೆದು ಒಣಗಿಸಿದರೆ ಅದರ ವಂಶ ಮುಂದುವರಿಯದು. ರಜೆಯ ದಿನ ಬಟ್ಟೆ ಒಗೆಯುವ ಹೊತ್ತಿಗೆ ಇದನ್ನೂ ಮಾಡಿರಿ. ಡೆಂಗೀ ಎಂಬ ಸಂಶಯವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳನ್ನು ನುಂಗಬಾರದು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಇನ್ನೊಂದು ಮಾತು: ಡೆಂಗೀಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಬಹಳ ನಿಶ್ಶಕ್ತಿ ಕಂಡರೆ ಆಸ್ಪತ್ರೆಗೆ ಓಡಬೇಕು. ಮಲೇರಿಯಕ್ಕಾದರೆ ಕೊಟ್ಟ ಗುಳಿಗೆಗಳನ್ನು ಕೊನೆಯವರೆಗೆ ನುಂಗಬೇಕು. ಒಂದು ಬಗೆಗೆ 14 ದಿನದ ಔಷಧವಿದೆ. ಮೂರನೆಯ ದಿನ ಆರಾಮಾಯಿತೆಂದು ಬಿಟ್ಟವನಿಗೆ ಅದು ಮತ್ತೆ ಮರುಕಳಿಸುತ್ತದೆ.

ನಮ್ಮ ಖೋಲಿಯ ಡ್ರಮ್ಮು ನಮ್ಮ ಕೈಯಲ್ಲಿದೆ, ಹೊರಗಿನ ಹೊಂಡವೋ? ಅದಕ್ಕೆ 1916 ಎಂಬ ಸಂಖ್ಯೆ ಇದೆ. ಪಾಲಿಕೆಯ ದೂರು ಕೇಳುವ ಫೋನು ಇದು. ಗಟಾರ ಕಟ್ಟಿದ್ದು, ಕಸ ಎತ್ತದ್ದು, ಮುಚ್ಚಳವಿಲ್ಲದ ಮ್ಯಾನ್‌ಹೋಲ್, ಇಲಿಯ ಕಾಟ, ಸೊಳ್ಳೆಯ ಕಾಟ, ಬೀಳುವಂತಿರುವ ಮರ, ಎಲ್ಲಕ್ಕೂ ಅದೇ. ನಗರವನ್ನು ವಾರ್ಡುಗಳಾಗಿ ವಿಂಗಡಿಸಿ ಇಂಗ್ಲಿಷ್ ಅಕ್ಷರಗಳ ಹೆಸರಿಟ್ಟಿದ್ದಾರೆ. ಕೋಟೆ, ಕೊಲಾಬಾ ಎ ವಾರ್ಡು, ಮಾಟುಂಗ, ಸಾಯನ್, ವಡಾಲಾ ಎಫ್ ಉತ್ತರ, ದಾದರ್, ಮಾಹಿಮ್, ಧಾರಾವಿ ಜಿ ಉತ್ತರ, ಭಾಂಡುಪ್ ಎಸ್, ಮುಲುಂಡ್ ಟಿ. ತನ್ನ ವಾರ್ಡಿನ ಅಕ್ಷರ ತಿಳಿದವನ ದೂರು ಬೇಗ ಸರಿಯಾದ ಮೇಜನ್ನು ಮುಟ್ಟುತ್ತದೆ.

ನಮ್ಮ ಚಾಳಿನ ಹಿಂದೆ, ಅರ್ಧಕ್ಕೆ ನಿಂತ ಕಟ್ಟಡದ ಹೊಂಡವೊಂದಿತ್ತು. ಮೂರು ವಾರ ನಾವು ನಳದ ಬಳಿ ನಿಂತು ಪಾಲಿಕೆಯನ್ನು ಬೈದೆವು. ಬೈದದ್ದು ಯಾವ ದಫ್ತರದಲ್ಲಿಯೂ ದಾಖಲಾಗಲಿಲ್ಲ. ಕೊನೆಗೆ, ಮನೆಮನೆಗೆ ಪಾರ್ಸೆಲು ಮುಟ್ಟಿಸುವ ಹುಡುಗನೊಬ್ಬ 1916ಕ್ಕೆ ಫೋನು ಮಾಡಿ, ಅವರು ಕೊಟ್ಟ ದೂರಿನ ನಂಬರನ್ನು ಜಿನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ. ನಾಲ್ಕನೆಯ ದಿನ ಕೀಟನಾಶಕ ಖಾತೆಯವರು ಬಂದರು, ಮದ್ದು ಸಿಂಪಡಿಸಿದರು. ಆ ಐದು ನಿಮಿಷದ ಕೆಲಸಕ್ಕೆ ನಾವು ಮೂರು ವಾರ ಕಾದಿದ್ದೆವು. ಒಂದು ಸಲಕ್ಕೆ ಕೆಲಸ ಆಗದಿದ್ದರೂ ನಂಬರು ಕೈಯಲ್ಲಿದ್ದವನು ಮತ್ತೆ ಕೇಳಬಲ್ಲ; ನಂಬರಿಲ್ಲದವನು ಗೊಣಗಬಲ್ಲ, ಅಷ್ಟೇ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಅಳುವುದಕ್ಕೂ ಒಂದು ಕ್ರಮವಿದೆ ಎಂಬುದನ್ನು ಆ ಹುಡುಗನಿಂದ ನಾನು ಕಲಿತೆ.

ಈ ಕಾಲದಲ್ಲಿ ನೆನಪಿಡಬೇಕಾದ ಇನ್ನು ನಾಲ್ಕು ಸಂಗತಿಗಳನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ.

ಒಂದು, ಪಡಿತರ. "ಒಂದು ದೇಶ, ಒಂದು ಪಡಿತರ ಚೀಟಿ" ಎಂಬ ಏರ್ಪಾಡು 2019ರಲ್ಲಿ ಕೆಲವು ರಾಜ್ಯಗಳಲ್ಲಿ ಮೊದಲಾಗಿ 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಆಹಾರ ಭದ್ರತಾ ಕಾಯಿದೆಗೆ ಒಳಪಟ್ಟ ಕರ್ನಾಟಕದ ಚೀಟಿಯಲ್ಲಿ ನಿಮ್ಮ ಹೆಸರಿದ್ದು ಆಧಾರ್ ಜೋಡಣೆಯಾಗಿದ್ದರೆ, ಇಲ್ಲಿನ ಸರ್ಕಾರಿ ಪಡಿತರ ಅಂಗಡಿಯಲ್ಲಿ ಬೆರಳೊತ್ತಿ ಕೇಂದ್ರದ ಪಾಲಿನ ಧಾನ್ಯವನ್ನು ಪಡೆಯಬಹುದು. ಊರಿನಲ್ಲಿರುವ ಮನೆಯವರು ತಮ್ಮ ಪಾಲನ್ನು ಅಲ್ಲಿಯೇ ಪಡೆಯಬಹುದು. ಆದರೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿಕೊಡುವ ಹೆಚ್ಚಿನ ಪಾಲು ಇಲ್ಲಿ ಸಿಗದು.

ಎರಡು, ಆಸ್ಪತ್ರೆಯ ಖರ್ಚು. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಆಸ್ಪತ್ರೆ ವಾಸದ ಚಿಕಿತ್ಸೆ ಉಂಟು. ಕಾರ್ಡು ಕರ್ನಾಟಕದಲ್ಲಿ ಆದದ್ದಾದರೂ, ಯೋಜನೆಗೆ ಸೇರಿದ ಇತರ ರಾಜ್ಯದ ಆಸ್ಪತ್ರೆಯಲ್ಲಿಯೂ ನಡೆಯುತ್ತದೆ. ವಿಚಾರಿಸಲು 14555. ಹಬ್ಬಕ್ಕೆ ಊರಿಗೆ ಹೋದಾಗ ಕಾರ್ಡು ಆಗಿದೆಯೋ ಇಲ್ಲವೋ ನೋಡಿಕೊಂಡು ಬರುವುದು ಒಳ್ಳೆಯದು.

ಮೂರು, ರೈಲು. ಕೊಂಕಣ ರೈಲ್ವೆಯ ಗಾಡಿಗಳಿಗೆ ಮಳೆಗಾಲಕ್ಕೆಂದು ಬೇರೆಯೇ ವೇಳಾಪಟ್ಟಿಯಿದ್ದು, ಅದು ಮಳೆಗಾಲದ ಕೊನೆಗೆ ಬದಲಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಹೋಗುವವರು ಹಳೆಯ ಸಮಯವನ್ನು ನಂಬಿ ನಿಲ್ದಾಣಕ್ಕೆ ಬಾರದೆ 139ಕ್ಕೆ ಕೇಳಿ ಹೊರಡಬೇಕು. ಮುಂಗಡ ಟಿಕೀಟು 2024ರ ನವೆಂಬರ್ 1ರಿಂದ 120 ದಿನಕ್ಕೆ ಬದಲಾಗಿ 60 ದಿನ ಮುಂಚೆ ಮಾತ್ರ ಸಿಗುವಂತಾಗಿದೆ. ಹಬ್ಬದ ಟಿಕೀಟಿನ ದಿನವನ್ನು ಪಂಚಾಂಗ ನೋಡಿ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿರಿ.

ನಾಲ್ಕು, ಮತದಾರರ ಪಟ್ಟಿ. ಹಿಂದೆ ಜನವರಿ 1 ಒಂದೇ ಅರ್ಹತೆಯ ದಿನವಾಗಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು ನಾಲ್ಕೂ ಅರ್ಹತೆಯ ದಿನಗಳಾಗಿವೆ. ಅಕ್ಟೋಬರ್ 1ಕ್ಕೆ 18 ತುಂಬುವ ಮಕ್ಕಳಿದ್ದರೆ ನಮೂನೆ 6 ತುಂಬಿರಿ. ಊರಿನ ಪಟ್ಟಿಯಿಂದ ಇಲ್ಲಿಗೆ ಹೆಸರು ತರಬೇಕಾದವರಿಗೆ ನಮೂನೆ 8. ಎರಡೂ ಕಡೆ ಹೆಸರಿಟ್ಟುಕೊಳ್ಳುವುದು ಕಾಯಿದೆಗೆ ವಿರುದ್ಧ. ವಿಚಾರಿಸುವ ಸಂಖ್ಯೆ 1950. ಯಾವ ಊರಿನ ಗಟಾರ ನಿಮ್ಮ ಬಾಗಿಲ ಮುಂದೆ ಹರಿಯುತ್ತದೆಯೋ ಆ ಊರಿನ ಪಟ್ಟಿಯಲ್ಲಿ ಹೆಸರಿರಲಿ ಎಂಬುದು ನನ್ನ ಅಭಿಪ್ರಾಯ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಕೊನೆಯದಾಗಿ, ಕಾರ್ಯಕಾರಿ ಸಮಿತಿಯವರ ಮುಂದೆ ಒಂದು ವಿನಂತಿ ಇಡುತ್ತೇನೆ. ನಮ್ಮ ವಾಚನಾಲಯದ ಬಾಗಿಲ ಬಳಿ ಒಂದು ಕರಿಹಲಗೆ ಇರಲಿ. ಮಳೆಗಾಲದಲ್ಲಿಯೂ ಮಳೆ ಹೋಗುವ ಈ ತಿಂಗಳುಗಳಲ್ಲಿಯೂ ಪತ್ರಿಕೆಯಲ್ಲಿ ಬಂದ ಆರೋಗ್ಯದ, ನೀರಿನ, ರೈಲಿನ ಸೂಚನೆಯನ್ನು ದಿನಕ್ಕೆ ಮೂರು ಸಾಲು ದಪ್ಪ ಕನ್ನಡ ಅಕ್ಷರದಲ್ಲಿ ಯಾರಾದರೂ ಬರೆಯಲಿ. ರಸ್ತೆಯಲ್ಲಿ ಹೋಗುವವನೂ ನಿಂತು ಓದುವಂತಿರಲಿ. ಭಾನುವಾರ ಸಂಜೆ ಒಂದು ತಾಸು, ದೂರು ಕೊಡುವುದಕ್ಕೂ ಅರ್ಜಿ ತುಂಬುವುದಕ್ಕೂ ನೆರವಾಗಲು ಇಬ್ಬರು ಕುಳಿತುಕೊಳ್ಳಲಿ. ಆ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಿರಿ. ಸೀಮೆಸುಣ್ಣದ ಖರ್ಚು ನನ್ನದು.

ನಿಮ್ಮಲ್ಲಿಯೂ ಒಂದು ಬೇಡಿಕೆ. ಇಂದು ರಾತ್ರಿ ಖೋಲಿಗೆ ಹೋದ ಮೇಲೆ, ನಿಮ್ಮ ಪಕ್ಕದ ಹಾಸಿಗೆಯಲ್ಲಿ ಮಲಗುವವನಿಗೆ, ಈ ಕೂಟಕ್ಕೆ ಬರಲಾಗದವನಿಗೆ, 72 ಗಂಟೆ ಮತ್ತು 1916 ಎಂಬ ಎರಡು ಅಂಕಿಗಳನ್ನು ಹೇಳಿರಿ. ಅವನ ಕಾಲ್ಬೆರಳ ಸಂದಿಯನ್ನು ಒಮ್ಮೆ ನೋಡಿರಿ. ಹಸ್ತ, ಚಿತ್ತೆ ಇನ್ನೂ ಬಾಕಿ ಇವೆ.